ಕೀಪ್ ಇಟ್ ರಿಯಲ್ ಆನ್‌ಲೈನ್: ತೀರ್ಥಹಳ್ಳಿ ಸೀಮೆಯಲ್ಲಿ ನೋಡಿದಾಗ

ನ್ಯೂಜಿಲೆಂಡ್ ಸರ್ಕಾರವು 2020ರಲ್ಲಿ ಆರಂಭಿಸಿದ ಈ ಅಭಿಯಾನವು, ಅಂತರ್ಜಾಲದಲ್ಲಿ ಮಕ್ಕಳಿಗೆ ಎದುರಾಗುವ ಅಶ್ಲೀಲ ದೃಶ್ಯ, ಹಿಂಸೆ ಮತ್ತು ಕಿರುಕುಳಗಳ ಬಗ್ಗೆ ತಂದೆತಾಯಿಗೆ ತಿಳಿವಳಿಕೆ ನೀಡುವ ಜಾಹೀರಾತುಗಳ ಸರಣಿ. ಜೊತೆಗೊಂದು ಜಾಲತಾಣವೂ ಇದೆ. ಆ ಸರಣಿಯಲ್ಲಿ ದೇಶದೇಶಗಳಿಗೆ ಹಬ್ಬಿದ ಜಾಹೀರಾತು ಒಂದೇ. ನೀಲಿಚಿತ್ರದ ನಟ, ನಟಿ ಇಬ್ಬರೂ ಮೈಮೇಲೆ ಬಟ್ಟೆಯಿಲ್ಲದೆ ಒಂದು ಮನೆಯ ಬಾಗಿಲು ತಟ್ಟಿ, ನಿಮ್ಮ ಮಗ ನಮ್ಮನ್ನು ನೋಡುತ್ತಿದ್ದಾನೆ, ನಾವು ಅಭಿನಯಿಸುವುದು ದೊಡ್ಡವರಿಗಾಗಿ, ನಮ್ಮ ಚಿತ್ರಗಳಲ್ಲಿ ಒಪ್ಪಿಗೆ ಕೇಳುವ ಮಾತೇ ಬರುವುದಿಲ್ಲ ಎಂದು ತಾಯಿಗೆ ನಗುನಗುತ್ತಲೇ ತಿಳಿಸುತ್ತಾರೆ. ಅಷ್ಟರಲ್ಲಿ ಮಗ ಬಂದು ಬೆಪ್ಪಾಗಿ ನಿಲ್ಲುತ್ತಾನೆ. ತಾಯಿ ಬೆಚ್ಚಿದರೂ ಗದರದೆ, ತೆರೆಯಲ್ಲಿ ಕಾಣುವುದಕ್ಕೂ ನಿಜವಾದ ಸಂಬಂಧಕ್ಕೂ ಇರುವ ವ್ಯತ್ಯಾಸದ ಬಗ್ಗೆ ಮಾತನಾಡಬೇಕಾದ ಹೊತ್ತು ಬಂದಿದೆ ಎನ್ನುತ್ತಾಳೆ.

ಅಭಿಯಾನದ ಸತ್ವವಿರುವುದು ಈ ಮಾತಿನಲ್ಲಿ. ನಮ್ಮ ಮನೆಗಳಲ್ಲಿ ಆತಂಕಕ್ಕೆ ಬರವಿಲ್ಲ. ಮಗನ ಎದುರು ಕುಳಿತು ಆಡಬೇಕಾದ ಮೊದಲ ವಾಕ್ಯವೇ ಯಾರಿಗೂ ಗೊತ್ತಿಲ್ಲ, ಅದನ್ನು ಈ ಜಾಹೀರಾತು ಒದಗಿಸುತ್ತದೆ. ಅಡಿಕೆ ಸುಲಿಯಲು ಸೇರಿದ್ದ ನೆರೆಮನೆಯ ಹೆಂಗಸರಿಗೆ ಇದನ್ನು ತೋರಿಸಿ, ಮಾತುಗಳನ್ನು ಕನ್ನಡದಲ್ಲಿ ಹೇಳಿದೆ. ಮೊದಲು ಸೆರಗು ಬಾಯಿಗೆ ಹಿಡಿದು ನಕ್ಕರು. ಆಮೇಲೆ ಮೆಟ್ಟುಗತ್ತಿಯ ಮುಂದೆ ಕುಳಿತಿದ್ದ ಹಿರಿಯರೊಬ್ಬರು ತಲೆಯೆತ್ತದೆಯೇ, “ಅಲ್ದೇ, ಆ ಹುಡುಗನ ಅಪ್ಪ ಎಲ್ಲಿಗೆ ಹೋದ?” ಎಂದು ಕೇಳಿದರು. ಜಾಹೀರಾತಿನ ದೊಡ್ಡ ಕೊರತೆಯೇ ಅದು. ಗಂಡುಮಗನಿಗೆ ಹೇಳಬೇಕಾದ ಮಾತಿನ ಹೊಣೆ ಅಲ್ಲಿಯೂ ತಾಯಿಯ ಪಾಲಿಗೇ ಬಿದ್ದಿದೆ.

ಇನ್ನೊಂದು ತಕರಾರೂ ಇದೆ. ಆ ನಟ, ನಟಿಯರನ್ನು ನೆಂಟರಂತೆ ಲವಲವಿಕೆಯಿಂದ ತೋರಿಸಿರುವುದರಿಂದ, ಆ ಉದ್ಯಮದಲ್ಲಿ ಬಲವಂತಕ್ಕೆ ಸಿಲುಕಿದವರ ನೆನಪೇ ನೋಡುಗರಿಗೆ ಬರುವುದಿಲ್ಲ.

ಜಾಲತಾಣದ ಸಲಹೆಗಳು ಸರಳವಾಗಿವೆಯಾದರೂ ಕಾನೂನಿನ ವಿಷಯಕ್ಕೆ ನಮಗೆ ಅದು ಸಾಲದು. ಭಾರತದಲ್ಲಿ ಅಶ್ಲೀಲ ವಿಡಿಯೊವನ್ನು ಇತರರಿಗೆ ಕಳುಹಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಅಪರಾಧ. ಮಕ್ಕಳ ಲೈಂಗಿಕ ದೃಶ್ಯಗಳನ್ನು ಇಟ್ಟುಕೊಳ್ಳುವುದೂ ಅಪರಾಧವಾಗಬಲ್ಲದು ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಸಹಪಾಠಿಯ ವಿಡಿಯೊವನ್ನು ತಮಾಷೆಗೆಂದು ವಾಟ್ಸ್‌ಆ್ಯಪ್‌ನಲ್ಲಿ ಫಾರ್ವರ್ಡ್ ಮಾಡುವ ಪಿಯುಸಿ ಹುಡುಗನಿಗೆ ಮೊದಲು ತಿಳಿಯಬೇಕಾದದ್ದು ಇದು.

ಇಂಥದ್ದನ್ನು ಕನ್ನಡದಲ್ಲಿ ಮಾಡುವವರು ಬೆತ್ತಲೆ ನಟರನ್ನು ಹುಡುಕಬೇಕಾಗಿಲ್ಲ. ಬೇರಾರೂ ಆಡಲಾಗದ ಮಾತನ್ನು ರಂಗದ ಮೇಲೆ ಆಡಿ ದಕ್ಕಿಸಿಕೊಳ್ಳುವ ಹಾಸ್ಯಗಾರ ನಮ್ಮ ಯಕ್ಷಗಾನ ಮೇಳಗಳಲ್ಲಿಯೇ ಇದ್ದಾನೆ. ನೆಟ್‌ವರ್ಕಿಗಾಗಿ ಗುಡ್ಡ ಹತ್ತಬೇಕಾದ ಊರುಗಳಿಗೆ ಭದ್ರಾವತಿ ಆಕಾಶವಾಣಿಯ ದನಿ ಮುಟ್ಟುತ್ತದೆ. (2012ರಲ್ಲಿ ವಿಧಾನಸಭೆಯಲ್ಲಿಯೇ ಅಶ್ಲೀಲ ದೃಶ್ಯ ನೋಡಿದ, ಅದನ್ನು ಒದಗಿಸಿದ ಆರೋಪದಿಂದ ಮೂವರು ಸಚಿವರು ರಾಜೀನಾಮೆ ಕೊಟ್ಟಿದ್ದರಿಂದ, ಪ್ರಸಂಗಕ್ಕೆ ವಸ್ತುವಿನ ಕೊರತೆಯೂ ಆಗದು.)

ಹದಿಹರೆಯದ ಮಕ್ಕಳಿರುವ ಮನೆಯವರು ಇದನ್ನು ನೋಡಬಹುದು. ಗಂಡ ಹೆಂಡತಿ ಮೊದಲು ತಾವಿಬ್ಬರೇ ನೋಡಿ, ಮಗನ ಹತ್ತಿರ ಯಾರು ಮಾತನಾಡುವುದೆಂದು ತೀರ್ಮಾನಿಸಿಕೊಂಡರೆ ಒಳ್ಳೆಯದು. ಅಪ್ಪ ಒಪ್ಪಿಕೊಂಡರೆ ಇನ್ನೂ ಒಳ್ಳೆಯದು.