ಪುಸ್ತಕ ಮಾಲಿಕೆಗೆ ಶೀರ್ಷಿಕೆ ಬರೆಯುವವರೇ, ಕರಡು ಕಳಿಸುವ ಮುಂಚೆ ಇದನ್ನು ಓದಿ

ಹೋದ ನವೆಂಬರಿನಲ್ಲಿ ಗೆಳತಿಯೊಬ್ಬಳು ವಾಟ್ಸಾಪಿನಲ್ಲಿ ಒಂದು ಪುಸ್ತಕದ ಫೋಟೊ ಕಳಿಸಿದಳು. "ಇದು ನೀನು ಬರೆದಿದ್ದಾ? 'ಹೂಮ' ಅಂದ್ರೆ ಏನೇ?" ಅಂತ ಕೇಳಿದ್ದಳು. ಪುಸ್ತಕಗಳ ಮುಖಪುಟಕ್ಕೆ ಹೆಸರನ್ನು ಕೈಯಲ್ಲಿ ಬರೆದುಕೊಡುವುದು ನನ್ನ ಕೆಲಸ. ಅಕ್ಷರ ನೋಡಿದರೆ ನನ್ನ ಕೈಯದೇ. ಆದರೆ ಆ ಹೆಸರನ್ನು ನಾನು ಬರೆದೇ ಇರಲಿಲ್ಲ.

ಅದಕ್ಕೂ ಏಳು ತಿಂಗಳ ಹಿಂದೆ ಬೆಂಗಳೂರಿನ ಒಬ್ಬ ಪ್ರಕಾಶಕರು ಫೋನ್ ಮಾಡಿದ್ದರು. ತೀರಿಕೊಂಡ ಒಬ್ಬ ಕಾದಂಬರಿಕಾರರ ಹನ್ನೆರಡು ಪುಸ್ತಕಗಳನ್ನು ಡೆಮಿ 1/8 ಅಳತೆಯಲ್ಲಿ ಮರುಮುದ್ರಣ ಮಾಡುತ್ತಿದ್ದೇವೆ, ಎಲ್ಲದರ ಶೀರ್ಷಿಕೆಯೂ ಒಂದೇ ಕೈಯದಾಗಿರಬೇಕು ಅಂದರು. ಒಂದಕ್ಕೆ 2,500 ರೂಪಾಯಿ ಅಂತ ಮಾತಾಯಿತು. "ಮೊದಲು ನಾಲ್ಕು ಮಾಡಿಕೊಡಮ್ಮ, ಆಮೇಲೆ ಉಳಿದಿದ್ದು ನೋಡೋಣ" ಅಂದರು. ನಾನು ಒಪ್ಪಿದೆ. ಕಲಾವಿದ ಚಂದ್ರನಾಥ ಆಚಾರ್ಯರಂಥವರು ಮಾಡಿದ ಮುಖಪುಟಗಳನ್ನು ನೋಡುತ್ತ ಬೆಳೆದವಳು ನಾನು. ಹನ್ನೆರಡು ಪುಸ್ತಕದ ಸಾಲು ಅಂದಾಗ ಕಾಗದಪತ್ರದ ಯೋಚನೆಯೇ ಬರಲಿಲ್ಲ.

ಮಾಲಿಕೆಯ ಕೆಲಸ ಬಿಡಿ ಪುಸ್ತಕದ ಕೆಲಸದಂತಲ್ಲ. ಒಂದು ಹೆಸರಿಗೆ ಎರಡೇ ಅಕ್ಷರ, ಇನ್ನೊಂದಕ್ಕೆ ಹನ್ನೊಂದು. ಎರಡೂ ಪಕ್ಕಪಕ್ಕ ನಿಂತಾಗ ತೂಕ ಒಂದೇ ಅನ್ನಿಸಬೇಕು. ಎರಡು ಸಾಲಿನ ಹೆಸರಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ, ಆ ಜಾಗ ಬಿಡಿಸುವುದಕ್ಕೇ ಒಂದು ದಿನ ಬೇಕು. ಬಿದಿರಿನ ಲೇಖನಿ, ಇಂಡಿಯನ್ ಇಂಕು, ಮೇಲೆ ಗೇಟ್‌ವೇ ಅನ್ನುವ ಪಾರದರ್ಶಕ ಹಾಳೆ ಇಟ್ಟು ತಿದ್ದಿದ್ದೇ ತಿದ್ದಿದ್ದು. ಪ್ರತಿ ಹೆಸರಿಗೂ ನಾಲ್ಕೈದು ಬಗೆ ಬರೆದೆ. "ಎಲ್ಲಾನೂ ಕಳಿಸಮ್ಮ, ಲೇಖಕರ ಮನೆಯವರಿಗೆ ತೋರಿಸಿ ಆರಿಸ್ತೀವಿ" ಅಂದರು. 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಗೆರೆ ಬಿಡಿಸಿ, ಅಕ್ಷರಗಳನ್ನು ಬಿಡಿಬಿಡಿಯಾಗಿ ಕತ್ತರಿಸಬಹುದಾದ ಕೋರೆಲ್‌ಡ್ರಾ ಫೈಲುಗಳನ್ನೇ ಕಳಿಸಿಬಿಟ್ಟೆ. ಆಯ್ಕೆಯಾಗದ ಹದಿನೈದು ಕರಡುಗಳೂ ಅದರಲ್ಲಿದ್ದವು. ಕೈಗೆ ಬಂದದ್ದು 3,000 ಮುಂಗಡ, ಅಷ್ಟೇ.

ಆಮೇಲೆ ಫೋನಿಲ್ಲ. ಬಾಕಿ ಕೇಳಿದರೆ ಗ್ರಂಥಾಲಯದ ಸಗಟು ಖರೀದಿ ದುಡ್ಡು ಇನ್ನೂ ಬಂದಿಲ್ಲ ಅನ್ನುವ ಉತ್ತರ. ಆ ಕಷ್ಟ ಸುಳ್ಳಲ್ಲ, ಅದಕ್ಕೇ ನಾನೂ ಒತ್ತಾಯ ಮಾಡಲಿಲ್ಲ. ಉಳಿದ ಎಂಟು ಹೆಸರುಗಳ ಮಾತು ಎತ್ತಿದಾಗ "ಸದ್ಯಕ್ಕೆ ನಿಲ್ಲಿಸಿದ್ದೀವಿ" ಅಂದರು. ನಿಲ್ಲಿಸಿರಲಿಲ್ಲ.

ಗೆಳತಿಯ ಫೋಟೊ ಬಂದ ಮೇಲೆ ಅಂಗಡಿಗೆ ಹೋಗಿ ಎಂಟನ್ನೂ ಕೊಂಡು ತಂದೆ. ಮನೆಯಲ್ಲಿ ನೆಲದ ಮೇಲೆ ಸಾಲಾಗಿ ಇಟ್ಟು, ಪಕ್ಕದಲ್ಲಿ ನನ್ನ ಕರಡು ಹಾಳೆಗಳನ್ನು ಹರಡಿ ನೋಡಿದೆ. ಒಂದೊಂದು ಅಕ್ಷರವೂ ಎಲ್ಲಿಂದ ಕತ್ತರಿಸಿದ್ದು ಅಂತ ಬೆರಳಿಟ್ಟು ತೋರಿಸಬಲ್ಲೆ. ನನ್ನ ಕರಡುಗಳೇ ಅವರಿಗೆ ಅಚ್ಚಿನ ಮೊಳೆಗಳಾಗಿದ್ದವು. ಇಲ್ಲದ ಅಕ್ಷರಗಳನ್ನು ಇದ್ದವುಗಳಿಂದ ಹೊಲಿದಿದ್ದರು.

'ಹೂಮ' ಆದದ್ದೂ ಹಾಗೆಯೇ. ಹೆಸರಿನ ಕೊನೆಗೆ 'ಹೂವು' ಬರುತ್ತದೆ. ನನ್ನ ಹಾಳೆಗಳಲ್ಲಿ 'ವ' ಇತ್ತು, 'ಕು' ಇತ್ತು, 'ವು' ಇರಲಿಲ್ಲ. 'ಕು'ವಿನ ಕೊಂಬು ಕಿತ್ತು 'ವ'ದ ಪಕ್ಕಕ್ಕೆ ಅಂಟಿಸಿದ್ದಾರೆ. ಕನ್ನಡದಲ್ಲಿ 'ಪು', 'ವು'ಗಳ ಕೊಂಬು ಅಕ್ಷರದ ಬುಡದಿಂದ ಹೊರಟು ಕೆಳಗಿಳಿಯುತ್ತದೆ. ಅದನ್ನು ಪಕ್ಕಕ್ಕೆ ತಂದರೆ 'ವು' ಹೋಗಿ 'ಮ' ಆಗುತ್ತದೆ. ಒಂದನೇ ಕ್ಲಾಸಿನ ಕಾಗುಣಿತ ಇದು. ಇನ್ನೊಂದು ಪುಸ್ತಕದಲ್ಲಿ 'ಗ್ಗ' ಇದೆ. ಗಕಾರದ ಒತ್ತಿಗೆ ತಲೆಕಟ್ಟು ಇರುವುದಿಲ್ಲ. ಅವರು ಇಡೀ 'ಗ'ವನ್ನೇ ಕುಗ್ಗಿಸಿ, ತಲೆಕಟ್ಟಿನ ಸಮೇತ ಕೆಳಗೆ ಕೂರಿಸಿದ್ದಾರೆ. ಕುಗ್ಗಿಸಿದ್ದರಿಂದ ಗೆರೆ ಕೂದಲಿನಷ್ಟು ತೆಳ್ಳಗಾಗಿದೆ. ದಪ್ಪ ಅಕ್ಷರದ ಕೆಳಗೆ ಆ ಒತ್ತು ಮುರಿದ ಕಡ್ಡಿಯಂತೆ ಕಾಣುತ್ತದೆ. ಇಷ್ಟಾದರೂ ಎಂಟರ ಒಳಪುಟದಲ್ಲೂ 'ಶೀರ್ಷಿಕೆ ಅಕ್ಷರ' ಅಂತ ನನ್ನ ಹೆಸರೇ ಇದೆ. ಬಾಕಿ 7,000ಕ್ಕಿಂತ ನನ್ನ ನಿದ್ದೆ ಕೆಡಿಸಿದ್ದು ಆ ಸಾಲು.

ಕೇಳಲು ಹೋದಾಗ ಪ್ರಕಾಶಕರು ಹೇಳಿದ್ದು, "ನೋಡಮ್ಮ, ಇದು ಕನ್ನಡದ ಕೆಲಸ, ಲಾಭದ್ದಲ್ಲ. ಫೈಲು ನೀನೇ ಕೊಟ್ಟಿದ್ದಲ್ಲವಾ?" ಕನ್ನಡದ ಕೆಲಸವಾದರೆ ಕನ್ನಡ ಅಕ್ಷರ ತಪ್ಪಬಾರದು ಅಂತ ಹೇಳಿ ಎದ್ದು ಬಂದೆ.

ಪರಿಚಯದ ವಕೀಲರೊಬ್ಬರು 1957ರ ಕೃತಿಸ್ವಾಮ್ಯ ಕಾಯ್ದೆಯನ್ನು ಮುಂದಿಟ್ಟುಕೊಂಡು ವಿವರಿಸಿದರು. ಹಕ್ಕನ್ನು ವಹಿಸಿಕೊಡುವುದಾದರೆ ಬರಹದಲ್ಲಿರಬೇಕು, ಸಹಿ ಇರಬೇಕು, ಬಾಯಿಮಾತು ಸಾಲದು. ಅದು 19ನೇ ಸೆಕ್ಷನ್. ಅವಧಿ ಬರೆಯದಿದ್ದರೆ ಐದು ವರ್ಷ ಅಂತ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತ ಲೆಕ್ಕ. ಆದರೆ 17ನೇ ಸೆಕ್ಷನ್ನಿನಲ್ಲಿ ಒಂದು ತೊಡಕಿದೆ. ದುಡ್ಡು ಕೊಟ್ಟು ಮಾಡಿಸಿದ ಪೇಂಟಿಂಗ್, ಭಾವಚಿತ್ರ, ಫೋಟೊಗಳಿಗೆ ಬೇರೆ ಒಪ್ಪಂದ ಇಲ್ಲದಿದ್ದರೆ ಮಾಡಿಸಿದವರೇ ಮೊದಲ ಒಡೆಯರು. ಕೈಬರಹದ ಶೀರ್ಷಿಕೆಯೂ ಅದರೊಳಗೆ ಬರುತ್ತದೆ ಅಂತ ಎದುರಿನವರು ವಾದ ಹೂಡಬಹುದು. ಒಂದು ಹಾಳೆ ಮೊದಲೇ ಬರೆಸಿಕೊಂಡಿದ್ದರೆ ಆ ವಾದಕ್ಕೆ ಜಾಗವೇ ಇರುತ್ತಿರಲಿಲ್ಲ. ನನಗೆ ಉಳಿದ ಆಸರೆ 57ನೇ ಸೆಕ್ಷನ್. ಹಕ್ಕು ಮಾರಿದ ಮೇಲೂ, ಕೃತಿಯನ್ನು ವಿರೂಪಗೊಳಿಸಿ ಕಲಾವಿದರ ಹೆಸರಿಗೆ ಧಕ್ಕೆ ತಂದರೆ ಪ್ರಶ್ನಿಸಬಹುದು. ಅದರ ಮೇಲೆ ನೋಟಿಸು ಕೊಟ್ಟಿದ್ದೇನೆ. ಮುಂದಿನ ಮುದ್ರಣದಲ್ಲಿ ಸರಿಪಡಿಸುತ್ತೇವೆ ಅಂತ ಫೋನಿನಲ್ಲಿ ಹೇಳಿದ್ದಾರೆ, ಬರಹದಲ್ಲಿ ಇನ್ನೂ ಏನೂ ಬಂದಿಲ್ಲ.

ಹೊಸಬರು ದಯವಿಟ್ಟು ಇಷ್ಟು ಮಾಡಿ. ಯಾವ ಪುಸ್ತಕ, ಎಷ್ಟು ಹೆಸರು, ಮುಖಪುಟ, ಬೆನ್ನು, ಜಾಹೀರಾತು ಯಾವುದಕ್ಕೆಲ್ಲ ಬಳಕೆ, ಇದನ್ನು ಒಂದೇ ಪುಟದಲ್ಲಿ ಕನ್ನಡದಲ್ಲೇ ಬರೆದು ಇಬ್ಬರೂ ಸಹಿ ಹಾಕಿ. ಅಕ್ಷರಗಳನ್ನು ಬಿಡಿಸಿ ಬೇರೆ ಪದ ಕಟ್ಟುವಂತಿಲ್ಲ, ಫಾಂಟು ಮಾಡುವಂತಿಲ್ಲ ಅನ್ನುವ ಸಾಲು ಮರೆಯಲೇಬೇಡಿ. ಕರಡು ತೋರಿಸುವಾಗ ಚಿಕ್ಕ ಜೆಪೆಗ್ ಸಾಕು, ಮೇಲೆ ಅಡ್ಡಲಾಗಿ ನಿಮ್ಮ ಹೆಸರಿರಲಿ. ದೊಡ್ಡ ಫೈಲು ಪೂರ್ತಿ ದುಡ್ಡು ಬಂದ ಮೇಲೆ, ಅದೂ ಆರಿಸಿದ್ದು ಮಾತ್ರ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿಯನ್ನು ಕೆಲಸ ಶುರುವಾಗುವ ಮುಂಚೆಯೇ ಮಾಡಿಸಿಟ್ಟುಕೊಳ್ಳಿ. ಆ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ 45 ದಿನ ಮೀರಿ ಬಾಕಿ ಇಟ್ಟರೆ ಬಡ್ಡಿ ಸಮೇತ ಕೇಳಬಹುದು. ನಾನು ಮಾಡಿಸಿದ್ದು ಕೆಲಸ ಮುಗಿದ ಮೇಲೆ, ಹಾಗಾಗಿ ಈ ಬಾಕಿಗೆ ಅದು ಉಪಯೋಗಕ್ಕೆ ಬರಲಿಲ್ಲ.

ಆ ಮಾಲಿಕೆ ಈಗಲೂ ಅಂಗಡಿಗಳಲ್ಲಿದೆ. ಎಲ್ಲಾದರೂ ಕಂಡರೆ ನೆನಪಿಡಿ, ಒಳಪುಟದಲ್ಲಿ ಏನೇ ಅಚ್ಚಾಗಿರಲಿ, ನಾನು ಬರೆದದ್ದು ಮೊದಲ ನಾಲ್ಕು ಮಾತ್ರ.