ಚೌಕ ಪೈಪ್ ಬಗ್ಗಿಸಿಕೊಡುತ್ತೇವೆ ಎಂದವರನ್ನು ನಂಬಿ ಕೆಟ್ಟೆ

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ಹತ್ತು ದಿನಗಳಿಂದ ನಮ್ಮ ಮನೆಯ ತಾರಸಿಯ ಮೇಲೆ ನಾಲ್ಕು ಸೊಟ್ಟ ಕಬ್ಬಿಣದ ಕಾಲುಗಳು ಬಿದ್ದಿವೆ. ಬಟ್ಟೆ ಒಣಹಾಕಲು ಹೋದಾಗಲೆಲ್ಲ ಅವು ಕಣ್ಣಿಗೆ ಬೀಳುತ್ತವೆ, ಹೊಟ್ಟೆ ಉರಿಯುತ್ತದೆ.

ತಂಗಿಯ ಗೃಹಪ್ರವೇಶಕ್ಕೆ ಎರಡು ಬೆಂಚುಗಳನ್ನು ನಾನೇ ಮಾಡಿಕೊಡುತ್ತೇನೆ ಎಂದು ಎಲ್ಲರ ಮುಂದೆ ಹೇಳಿಬಿಟ್ಟಿದ್ದೆ. ಮೇಲೆ ಸಿಲ್ವರ್ ಓಕ್ ಹಲಗೆ, ಕೆಳಗೆ ಒಂದು ಇಂಚಿನ, ಅಂದರೆ 25 ಮಿ.ಮೀ. ಚೌಕ ಪೈಪಿನ ಕಾಲು. ಮೂಲೆಯಲ್ಲಿ ತುಂಡರಿಸಿ ವೆಲ್ಡಿಂಗ್ ಮಾಡಿದ ಕಾಲಲ್ಲ. ಒಂದೇ ಪೈಪನ್ನು ಎರಡು ಕಡೆ ದುಂಡಗೆ ಬಗ್ಗಿಸಿದ ಕಾಲು. ನನ್ನ ಜಂಬವೆಲ್ಲ ಆ ಎರಡು ಬಾಗುಗಳಲ್ಲೇ ಇತ್ತು.

ಬೆಂಗಳೂರಿನ ಮಾಗಡಿ ರಸ್ತೆಯಿಂದ ಒಳಗೆ, ಕಾಮಾಕ್ಷಿಪಾಳ್ಯದ ಕಡೆ ಒಂದು ಶೆಡ್ಡಿಗೆ ಹೋದೆ. ಹೆಸರು ಹಾಕುವುದಿಲ್ಲ. ಗೋಡೆಯ ಮೇಲೆ ಒಂದು ಮಾದರಿ ನೇತುಹಾಕಿದ್ದರು: ಚೌಕ ಪೈಪು, ಒಳ್ಳೆಯ ಬಾಗು, ಒಂದು ಸುಕ್ಕಿಲ್ಲ. ನಾನು ಬಿದ್ದದ್ದು ಅಲ್ಲಿಯೇ. "ಚೌಕ ಪೈಪಿನ ಡೈ ಇದೆಯೇ?" ಎಂದು ಕೇಳಿದೆ. ಡೈ ಎಂದರೆ ಪೈಪನ್ನು ಕೂರಿಸಿ ಬಗ್ಗಿಸುವ ಅಚ್ಚು. "ಇದೆ ಸರ್" ಎಂದರು. "75 ಮಿ.ಮೀ. ತ್ರಿಜ್ಯ ಬರುತ್ತದೆಯೇ?" ಎಂದೆ. "ಎಷ್ಟು ಬೇಕಾದರೂ ಬರುತ್ತದೆ ಸರ್." ಎಷ್ಟು ಬೇಕಾದರೂ ಎಂಬ ಉತ್ತರ ಕೇಳಿದಾಗಲೇ ನಾನು ಎದ್ದು ಬರಬೇಕಿತ್ತು. ಡೈ ಇರುವವನಿಗೆ ತನ್ನ ಡೈಯ ಅಳತೆ ಗೊತ್ತಿರುತ್ತದೆ. ಇಷ್ಟು ಬರುತ್ತದೆ, ಅದಕ್ಕಿಂತ ಚಿಕ್ಕದು ಬರುವುದಿಲ್ಲ ಎನ್ನುತ್ತಾನೆ.

ಪೈಪ್ ನಾನೇ ತರುತ್ತೇನೆ ಎಂದೆ. ಬೇಡ, ಹೊರಗಿನ ಪೈಪಿಗೆ ನಮ್ಮ ಹೊಣೆಯಿಲ್ಲ, ನಮ್ಮಲ್ಲೇ 2 ಮಿ.ಮೀ. ದಪ್ಪ ತಗಡಿನದು ಇದೆ ಎಂದರು. 20 ಅಡಿಯ ಎರಡು ಉದ್ದ, ಉದ್ದಕ್ಕೆ 680 ರೂಪಾಯಿ. ಬಾಗಿಗೆ 90ರಂತೆ ಎಂಟು ಬಾಗುಗಳಿಗೆ 720. ಒಟ್ಟು 2080. ಕಬ್ಬಿಣವನ್ನು ಯಾರಾದರೂ ತೂಕಕ್ಕಲ್ಲದೆ ಉದ್ದಕ್ಕೆ ಮಾರುತ್ತಾರೆಯೇ? ಕೆಲವರು ಮಾರುತ್ತಾರೆ, ನಿಜ. ಏಕೆ ಮಾರುತ್ತಾರೆ ಎಂದು ನನಗೆ ಆಮೇಲೆ ತಿಳಿಯಿತು. ಚೀಟಿಯಲ್ಲಿ "1 ಇಂಚು ಚೌಕ, 2 ಉದ್ದ" ಎಂದಷ್ಟೇ ಇತ್ತು. ದಪ್ಪ ಬರೆದಿರಲಿಲ್ಲ. ನಾನೂ ಬರೆಸಲಿಲ್ಲ.

ನಾಲ್ಕನೇ ದಿನ ಆಟೋದಲ್ಲಿ ಹೋಗಿ ತಂದೆ. ಗೋಣಿಚೀಲ ಸುತ್ತಿ ಕಟ್ಟಿಟ್ಟಿದ್ದರು, ಅಲ್ಲಿ ಬಿಚ್ಚಲಿಲ್ಲ. ಮನೆಯಲ್ಲಿ ಬಿಚ್ಚಿದೆ. ಎಂಟು ಬಾಗುಗಳಲ್ಲಿ ಎಂಟೂ ಕೆಟ್ಟಿದ್ದವು. ಒಳಮೈ ಕುಸಿದು ಒಳಗೆ ಹೋಗಿತ್ತು, ಪಕ್ಕದ ಮೈಗಳು ಉಬ್ಬಿದ್ದವು, ಹೊರಮೈ ಚಪ್ಪಟೆಯಾಗಿತ್ತು. ಯಾರೋ ಮೊಣಕಾಲಿಗೆ ಆನಿಸಿ ಮುರಿದ ಹಾಗೆ. ಒಂದು ಕಾಲಂತೂ ತಿರುಚಿಕೊಂಡು, ನೆಲದ ಮೇಲೆ ಇಟ್ಟರೆ ತೊಟ್ಟಿಲಿನಂತೆ ತೂಗುತ್ತಿತ್ತು. ತಂಗಿಯ ಗಂಡ ಪಕ್ಕದಲ್ಲೇ ನಿಂತಿದ್ದರು. "ಇದು ಡಿಸೈನೇ ಹೀಗೆಯೇ ಭಾವ?" ಎಂದು ಕೇಳಿದರು. ತಮಾಷೆಗಲ್ಲ, ನಿಜವಾಗಿಯೇ ಕೇಳಿದರು. ಅದೇ ಹೆಚ್ಚು ಚುಚ್ಚಿತು.

ಮರುದಿನ ಹೇಳದೆ ಕೇಳದೆ ಶೆಡ್ಡಿಗೆ ಹೋದೆ. ಕೆಲಸದ ಹುಡುಗ ನೆಲದ ಮೇಲೆ ಕುಳಿತು ಇನ್ನಾರದ್ದೋ ಚೌಕ ಪೈಪನ್ನು ಬಗ್ಗಿಸುತ್ತಿದ್ದ. ಹೈಡ್ರಾಲಿಕ್ ಬೆಂಡರ್, ನೀರಿನ ದುಂಡು ಪೈಪಿಗೆ ಬಳಸುವಂಥದ್ದು. ಅದರ ಅಚ್ಚಿನಲ್ಲಿ ಪೈಪ್ ಕೂರುವ ತೋಡು ಅರೆದುಂಡಾಗಿದೆ! ದುಂಡು ತೋಡಿನೊಳಗೆ ಚೌಕ ಪೈಪ್ ಕೂರುವುದಾದರೂ ಹೇಗೆ? ಎರಡು ಅಂಚುಗಳು ಮಾತ್ರ ತಾಗುತ್ತವೆ, ಚಪ್ಪಟೆ ಮೈಗೆ ಆಸರೆಯೇ ಇಲ್ಲ. ಬಗ್ಗಿಸುವಾಗ ಹೊರಮೈ ಹಿಗ್ಗಬೇಕು, ಒಳಮೈ ಕುಗ್ಗಬೇಕು. ಆಸರೆಯಿಲ್ಲದ ತೆಳು ತಗಡು ಕುಗ್ಗುವುದಿಲ್ಲ, ಮಡಚಿಕೊಳ್ಳುತ್ತದೆ. ಚೌಕ ಡೈ ಇದೆ ಎಂದಿದ್ದರಲ್ಲ, ಎಲ್ಲಿ? "ಅದು ರಿಪೇರಿಗೆ ಹೋಗಿದೆ ಸರ್." ಗೋಡೆಯ ಮೇಲಿನ ಮಾದರಿ? "ಅದು ಬೇರೆ ಕಡೆ ಮಾಡಿಸಿದ್ದು ಸರ್." ಇದನ್ನು ಹೇಳುವಾಗ ಮಾಲೀಕರ ಮುಖದಲ್ಲಿ ಸಂಕೋಚದ ಗುರುತೂ ಇರಲಿಲ್ಲ.

ಮುಂದಿನ ಉತ್ತರಗಳನ್ನೂ ಕೇಳಿ. "ಬಗ್ಗಿಸಿ ಎಂದಿರಿ, ಬಗ್ಗಿಸಿದ್ದೇವೆ. ಮುರಿದಿಲ್ಲವಲ್ಲ?" "ಚೌಕ ಪೈಪ್ ಬಗ್ಗಿದರೆ ಇಷ್ಟೇ ಸರ್." "ಪುಟ್ಟಿ ತುಂಬಿ ಬಣ್ಣ ಹೊಡೆಯಿರಿ, ಯಾರಿಗೂ ಗೊತ್ತಾಗುವುದಿಲ್ಲ." ಕೊನೆಗೆ, ನನಗಲ್ಲ, ಹುಡುಗನ ಕಡೆ ತಿರುಗಿ: "ಮೊಬೈಲ್‌ನಲ್ಲಿ ವಿಡಿಯೊ ನೋಡಿ ಬರುತ್ತಾರೆ, ಇವರದ್ದೇ ಕಷ್ಟ." ಹಣ ಕೊಟ್ಟವನು ನಾನು, ಕಷ್ಟ ಅವರದ್ದು!

ಮೋಸ ಇಷ್ಟಕ್ಕೇ ಮುಗಿದಿದ್ದರೆ ಕೈಚಳಕವಿಲ್ಲದವರು ಎಂದು ಸುಮ್ಮನಾಗುತ್ತಿದ್ದೆ. ಉಳಿದ ನಾಲ್ಕು ಅಡಿ ತುಂಡನ್ನು ಕೇಳಿ ತಂದಿದ್ದೆ. ಕೈಯಲ್ಲಿ ಹಿಡಿದಾಗ ಹಗುರ ಎನಿಸಿತು. ಬೀದಿಗೆ ಬಂದ ತರಕಾರಿ ಗಾಡಿಯವರ ತಕ್ಕಡಿಯ ಮೇಲೆ ಇಟ್ಟೆ, ಅವರು ನಗುತ್ತಿದ್ದರು. 1 ಕೆ.ಜಿ. 90 ಗ್ರಾಂ. 25 ಮಿ.ಮೀ. ಚೌಕ, 2 ಮಿ.ಮೀ. ದಪ್ಪವಾದರೆ ಮೀಟರಿಗೆ ಸುಮಾರು 1.44 ಕೆ.ಜಿ. ಬರಬೇಕು, ನಾಲ್ಕು ಅಡಿಗೆ ಒಂದೂ ಮುಕ್ಕಾಲು ಕೆ.ಜಿ. ನನಗೆ ಕೊಟ್ಟದ್ದು 1.2 ಮಿ.ಮೀ., ಅಂಗಡಿಯ ಭಾಷೆಯಲ್ಲಿ 18 ಗೇಜ್. 20 ಅಡಿಗೆ 8.8 ಕೆ.ಜಿ. ಎಂದು ಹಣ ಕೊಟ್ಟು 5.5 ಕೆ.ಜಿ. ಹೊತ್ತು ತಂದಿದ್ದೇನೆ. ಕೆ.ಜಿ.ಗೆ 75 ಎಂದರೂ ಅದು 400 ರೂಪಾಯಿಯ ಮಾಲು. ಫೋನ್ ಮಾಡಿ ಕೇಳಿದರೆ, "2 ಎಂದರೆ ಎರಡು ಉದ್ದ ಸರ್, ಚೀಟಿ ನೋಡಿ" ಎಂದರು. ಚೀಟಿ ನೋಡಿದೆ. ಹಾಗೆಯೇ ಇತ್ತು.

ನೀವು ಮಾಡಿಸುವುದಾದರೆ, ಡೈಯನ್ನು ಕಣ್ಣಾರೆ ನೋಡಿ, ತೋಡು ಚೌಕವಾಗಿರಲಿ. ನಿಮ್ಮದೇ ಪೈಪಿನ ಒಂದು ತುಂಡನ್ನು ನಿಮ್ಮೆದುರೇ ಬಗ್ಗಿಸಲಿ, ಆಮೇಲೆ ಮುಂಗಡ. ದಪ್ಪ ಎಷ್ಟು ಎಂದು ಚೀಟಿಯಲ್ಲಿ ಬರೆಸಿ, ತೂಕ ಹಾಕಿಸಿ. ತೆಳು ಪೈಪಿಗೆ ಬಿಗಿ ಬಾಗು ಕೇಳಬೇಡಿ. ಗೋಡೆಯ ಮೇಲಿನ ಮಾದರಿಯನ್ನು ನೋಡಲೇಬೇಡಿ.

ಬೆಂಚುಗಳು ಕೊನೆಗೂ ಆದವು. ನಮ್ಮ ಬೀದಿಯ ಕೊನೆಯ ವೆಲ್ಡಿಂಗ್ ಅಂಗಡಿಯವರು ಹೊಸ ಪೈಪಿನ ಮೂರು ಮೈ ಸೀಳಿ ಕಚ್ಚು ಹಾಕಿ, ನಾಲ್ಕನೆಯ ಮೈಯನ್ನು ಉಳಿಸಿ, ಮಡಚಿ, ಬೆಸೆದು, ಗ್ರೈಂಡರ್ ಹೊಡೆದುಕೊಟ್ಟರು. ಮೂಲೆ ದುಂಡಗಿಲ್ಲ, ಚೂಪಾಗಿದೆ, ಗಟ್ಟಿಯಾಗಿದೆ. "ಚೌಕ ಡೈ ನನ್ನಲ್ಲಿ ಇಲ್ಲ" ಎಂದು ಅವರು ಮೊದಲೇ ಹೇಳಿದರು, ಆ ಒಂದು ಮಾತಿಗೇ ಕೆಲಸ ಕೊಟ್ಟೆ.

ನಿನ್ನೆ ಸಂಜೆ ಶೆಡ್ಡಿನವರಿಂದ ವಾಟ್ಸಾಪ್ ಸಂದೇಶ ಬಂತು. ಹಣ ಹಿಂದಿರುಗಿಸುವ ಮಾತಿರಬಹುದೆಂದು ತೆರೆದೆ. "ಚೌಕ ಡೈ ರಿಪೇರಿಯಾಗಿ ಬಂದಿದೆ ಸರ್, ಕೆಲಸವಿದ್ದರೆ ತಿಳಿಸಿ." ಜೊತೆಗೆ ಒಂದು ಚಿತ್ರ. ಗೋಡೆಯ ಮೇಲಿನ ಅದೇ ಮಾದರಿ.