ಮೈನಸ್ ಆರೂವರೆ ಕಣ್ಣಿಗೆ ಬಣ್ಣದ ಲೆನ್ಸ್

ಬಲಗಣ್ಣಿಗೆ ಮೈನಸ್ 6.50, ಎಡಗಣ್ಣಿಗೆ ಮೈನಸ್ 5.00. ಕನ್ನಡಕ ತೆಗೆದರೆ ಒಂದು ಗೇಣಿನ ಆಚೆ ಇರುವುದೆಲ್ಲ ನನಗೆ ಮಸುಕು. ಬಣ್ಣದ ಕಾಂಟ್ಯಾಕ್ಟ್ ಲೆನ್ಸ್‌ಗಳ ಬಗ್ಗೆ ನಾನು ಓದಿದ ವಿಮರ್ಶೆಗಳಲ್ಲಿ ಹೆಚ್ಚಿನವು ಪವರ್ ಇಲ್ಲದ ಕಣ್ಣಿನವರು ಬರೆದವು. ಅವರಿಗೆ ಲೆನ್ಸ್ ಒಂದು ಒಡವೆ. ಬೇಡವೆನಿಸಿದರೆ ತೆಗೆದಿಟ್ಟು ಆರಾಮವಾಗಿ ಮನೆಗೆ ಹೋಗಬಹುದು. ನನಗೆ ಹಾಗಲ್ಲ. ಲೆನ್ಸ್ ತೆಗೆದರೆ ರಸ್ತೆಯೇ ಕಾಣುವುದಿಲ್ಲ. ಆದ್ದರಿಂದ ಬಣ್ಣಕ್ಕಿಂತ ಮುಂಚೆ ನೋಡಿಕೊಳ್ಳಬೇಕಾದ ಎಷ್ಟೋ ಸಂಗತಿಗಳು ನಮ್ಮಂಥವರಿಗೆ ಇವೆ, ಮತ್ತು ಅವುಗಳ ಬಗ್ಗೆ ಅಂಗಡಿಗಳಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ.

ನಾನು ಮೈಸೂರಿನಲ್ಲಿ ಬ್ಯಾಂಕ್ ಉದ್ಯೋಗಿ. ಸಂಜೆಗಳಲ್ಲಿ ಹವ್ಯಾಸಿ ತಂಡವೊಂದರಲ್ಲಿ ನಾಟಕ ಮಾಡುತ್ತೇನೆ. ಲೆನ್ಸ್ ಹಿಡಿದದ್ದು ರಂಗದ ಕಾರಣಕ್ಕೆ. ದ್ರೌಪದಿ ಕನ್ನಡಕ ಹಾಕಿಕೊಂಡು ಸಭೆಗೆ ಬರುವಂತಿಲ್ಲ. ಬಣ್ಣದ ಆಸೆ ಮೊದಲಿನಿಂದಲೂ ಇತ್ತು. ದಪ್ಪ ಮೈನಸ್ ಗಾಜಿನ ಹಿಂದೆ ಕಣ್ಣು ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಬಾಲ್ಯದಿಂದ ಆ ಚಿಕ್ಕ ಕಣ್ಣುಗಳನ್ನೇ ಕನ್ನಡಿಯಲ್ಲಿ ನೋಡುತ್ತ ಬೆಳೆದವಳಿಗೆ, ತನ್ನ ಕಣ್ಣು ತನ್ನದೇ ಅಳತೆಯಲ್ಲಿ, ಜೊತೆಗೆ ಸ್ವಲ್ಪ ಜೇನುಬಣ್ಣದಲ್ಲಿ ಕಾಣಿಸಬೇಕೆಂಬ ಆಸೆಯನ್ನು ಯಾರೂ ಹಗುರವಾಗಿ ಕಾಣಬಾರದು.

ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ವಾರದಲ್ಲಿ ಹಲವು ದಿನ ಹಾಕಿಕೊಳ್ಳಲು ನನಗೆ ಹೊಂದಿರುವುದು ಆಲ್ಕಾನ್ ಕಂಪನಿಯ ಏರ್ ಆಪ್ಟಿಕ್ಸ್ ಕಲರ್ಸ್, ಪ್ಯೂರ್ ಹೇಜಲ್ ಬಣ್ಣ. ನಾಟಕದ ರಾತ್ರಿಗಳಿಗೆ ಅದೇ ಕಂಪನಿಯ ಫ್ರೆಶ್‌ಲುಕ್ ಒನ್ ಡೇ; ಹಾಕಿದ ರಾತ್ರಿಯೇ ಎಸೆಯುವ ಲೆನ್ಸ್. ಇವೆರಡನ್ನು ಆರಿಸಿದ್ದು ಹೇಗೆ ಎಂಬುದೇ ಮುಖ್ಯ ವಿಷಯ.

ನಾನು ಮೊದಲು ಹೋದ ಅಂಗಡಿಯಲ್ಲಿ, "ಕಲರ್ ಲೆನ್ಸ್‌ಗೆ ಪರೀಕ್ಷೆ ಏಕೆ ಮೇಡಂ? ಎಲ್ಲರಿಗೂ ಒಂದೇ ಅಳತೆ. ಕನ್ನಡಕದ ಪವರ್ ಹೇಳಿ, ಕೊಡುತ್ತೇನೆ" ಎಂದರು. ನಾನು ಎದ್ದು ಬಂದೆ. ಅವರು ಹೇಳಿದ ಆ ಚಿಕ್ಕ ಮಾತಿನಲ್ಲಿ ಎರಡು ತಪ್ಪುಗಳಿದ್ದವು. ಈ ಲೆನ್ಸ್‌ಗಳ ಒಳಬಾಗು, ಅಂದರೆ ಡಬ್ಬಿಯ ಮೇಲೆ ಬೇಸ್ ಕರ್ವ್ ಎಂದು ಬರೆದಿರುವ ಅಂಕಿ, ಸಾಮಾನ್ಯವಾಗಿ 8.6 ಒಂದೇ ಇರುತ್ತದೆ, ನಿಜ. ಪರೀಕ್ಷೆ ಬೇಕಾಗುವುದೇ ಆ ಕಾರಣಕ್ಕೆ. ಬಣ್ಣವಿಲ್ಲದ ಲೆನ್ಸ್ ಹೊಂದದಿದ್ದರೆ ಇನ್ನೊಂದು ಅಳತೆ ಹುಡುಕಬಹುದು. ಬಣ್ಣದ್ದರಲ್ಲಿ ಆ ಅವಕಾಶ ಬಹಳ ಕಡಿಮೆ. ನಿಮ್ಮ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಬಾಗಿಗೆ ಅದು ಕೂರದಿದ್ದರೆ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಇಲ್ಲವೇ ಕಣ್ಣು ಮಿಟುಕಿಸಿದಾಗಲೆಲ್ಲ ಜಾರುತ್ತದೆ. ಬಣ್ಣವಿಲ್ಲದ ಲೆನ್ಸ್ ಸ್ವಲ್ಪ ಜಾರಿದರೆ ಯಾರಿಗೂ ತಿಳಿಯುವುದಿಲ್ಲ. ಬಣ್ಣದ್ದು ಜಾರಿದರೆ ಅದರ ಚಿತ್ತಾರವೇ ಪಾಪೆಯ ಮೇಲೆ ಬಂದು ನೋಟಕ್ಕೆ ಅಡ್ಡ ನಿಲ್ಲುತ್ತದೆ.

ಎರಡನೆಯ ತಪ್ಪು ಪವರ್‌ನದು. ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರದಲ್ಲಿರುತ್ತದೆ, ಲೆನ್ಸ್ ಕಣ್ಣಿನ ಮೇಲೆಯೇ ಕೂರುತ್ತದೆ. ಮೈನಸ್ ನಾಲ್ಕರವರೆಗೆ ಈ ದೂರ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ಲೆನ್ಸಿನ ಪವರ್ ಕನ್ನಡಕದ್ದಕ್ಕಿಂತ ಕಡಿಮೆ ಇರಬೇಕು. ನನ್ನ ಮೈನಸ್ 6.50 ಲೆನ್ಸಿನಲ್ಲಿ ಮೈನಸ್ 6.00 ಆಗುತ್ತದೆ, 5.00 ಇದ್ದದ್ದು 4.75. ಕನ್ನಡಕದ ಚೀಟಿಯನ್ನೇ ನೋಡಿ ಕೊಟ್ಟಿದ್ದರೆ ಬಲಗಣ್ಣಿಗೆ ಅರ್ಧ ಡಯಾಪ್ಟರ್ (ಪವರ್ ಅಳೆಯುವ ಮಾನ) ಹೆಚ್ಚು ಪವರ್ ಬೀಳುತ್ತಿತ್ತು. ದೂರದ್ದು ಚೆನ್ನಾಗಿಯೇ ಕಾಣುವುದರಿಂದ ತಪ್ಪು ಗೊತ್ತಾಗುವುದಿಲ್ಲ. ಓದುವಾಗ, ಪರದೆ ನೋಡುವಾಗ ಕಣ್ಣು ದಣಿಯುತ್ತದೆ, ಹಣೆ ನೋಯುತ್ತದೆ. ಇನ್ನೂ ಒಂದು ಸಂಗತಿ: ಮೈನಸ್ ಆರರವರೆಗೆ ಕಾಲು ಕಾಲು ಅಂತರದಲ್ಲಿ ಸಿಗುವ ಪವರ್, ಅಲ್ಲಿಂದಾಚೆ ಸಾಮಾನ್ಯವಾಗಿ ಅರ್ಧ ಅರ್ಧ ಅಂತರದಲ್ಲಿ ಮಾತ್ರ ಸಿಗುತ್ತದೆ. ಏರ್ ಆಪ್ಟಿಕ್ಸ್ ಕಲರ್ಸ್ ಮತ್ತು ತಿಂಗಳ ಬಳಕೆಯ ಫ್ರೆಶ್‌ಲುಕ್ ಕಲರ್‌ಬ್ಲೆಂಡ್ಸ್ ಎರಡೂ ಮೈನಸ್ 8.00ರವರೆಗೆ ಬರುತ್ತವೆ.

ನಂತರ ನಾನು ಹೋದದ್ದು ಕಣ್ಣಿನ ಆಸ್ಪತ್ರೆಯ ಲೆನ್ಸ್ ವಿಭಾಗಕ್ಕೆ. ಅಲ್ಲಿನ ಆಪ್ಟೊಮೆಟ್ರಿಸ್ಟ್, ಅಂದರೆ ದೃಷ್ಟಿ ಪರೀಕ್ಷಿಸುವ ತಜ್ಞೆ, ಚಿಕ್ಕ ವಯಸ್ಸಿನ ಹುಡುಗಿ. ಅವರು ಕಾರ್ನಿಯಾದ ಬಾಗು ಅಳೆದರು, ಕಣ್ಣೀರು ಎಷ್ಟು ಬೇಗ ಆರುತ್ತದೆಂದು ನೋಡಿದರು, ರೆಪ್ಪೆಯನ್ನು ಮಗುಚಿ ಒಳಗೆ ಪರೀಕ್ಷಿಸಿದರು. ಆಮೇಲೆ ಲೆನ್ಸ್ ಹಾಕಿ ಹೊರಗೆ ಕೂರಿಸಿದರು. ಸ್ವಲ್ಪ ಹೊತ್ತಿನ ನಂತರ ಕರೆದು ಸೂಕ್ಷ್ಮದರ್ಶಕದಡಿ ಒಂದೊಂದು ಮಿಟುಕಿಗೂ ಲೆನ್ಸ್ ಎಷ್ಟು ಅಲುಗುತ್ತದೆಂದು ಗಮನಿಸಿದರು. "ಅಲುಗಲೇಬೇಕು ಮೇಡಂ, ಅಲುಗದಿದ್ದರೆ ಕೆಳಗೆ ಹೊಸ ಕಣ್ಣೀರು ಹೋಗುವುದಿಲ್ಲ" ಎಂದರು. ಬಣ್ಣದ ಮಾತು ತೆಗೆದದ್ದು ಇಷ್ಟೆಲ್ಲ ಮುಗಿದ ಮೇಲೆ. ಆ ಕ್ರಮ ನನಗೆ ತುಂಬ ಹಿಡಿಸಿತು.

ಜೊತೆಗೆ ಬಂದಿದ್ದ ಅಣ್ಣನ ಮಗಳಿಗೆ ನಿರಾಸೆಯಾಯಿತು. "ಅತ್ತೆ, ನನಗೆ ಹಸಿರು" ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದಳು. ಅವಳದು ಮೈನಸ್ 2.25, ಆದರೆ ಜೊತೆಗೆ 1.25 ಸಿಲಿಂಡರ್, ಅಂದರೆ ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದ್ದಕ್ಕೆ ಬೇಕಾಗುವ ಪವರ್. ಸಿಲಿಂಡರ್ 0.50ರಷ್ಟೇ ಇದ್ದರೆ ಅದರ ಅರ್ಧ ಭಾಗವನ್ನು ಮುಖ್ಯ ಪವರ್‌ಗೆ ಸೇರಿಸಿ ಹೊಂದಿಸಬಹುದು, ಮೈನಸ್ 2.25ಕ್ಕೆ 0.50 ಸಿಲಿಂಡರ್ ಇದ್ದವರಿಗೆ ಮೈನಸ್ 2.50 ಲೆನ್ಸ್ ಸಾಕಾಗುತ್ತದೆ. ಆದರೆ ಒಂದಕ್ಕಿಂತ ಹೆಚ್ಚಿದ್ದರೆ ಅಕ್ಷರಗಳಿಗೆ ನೆರಳು ಬಂದೇ ಬರುತ್ತದೆ. ಅದಕ್ಕೆ ಸಿಲಿಂಡರನ್ನೂ ಸರಿಪಡಿಸುವ ಟೋರಿಕ್ ಲೆನ್ಸ್ ಬೇಕು. ಏರ್ ಆಪ್ಟಿಕ್ಸ್ ಕಲರ್ಸ್‌ನಲ್ಲಿ ಟೋರಿಕ್ ಇಲ್ಲ, ಬೇರೆಡೆಯೂ ಬಣ್ಣದ ಟೋರಿಕ್ ಅಪರೂಪ. ಅವಳು ಕಾಲೇಜಿಗೆ ಸ್ಕೂಟರಿನಲ್ಲಿ ಹೋಗುವವಳು. ಬಣ್ಣವಿಲ್ಲದ ಟೋರಿಕ್ ಲೆನ್ಸಿಗೆ ಒಪ್ಪಿಸಿದೆವು. ಕಂಪನಿಗಳು ಈ ಕೊರತೆಯನ್ನು ತುಂಬಲಿ ಎಂದು ನಾನು ಮನಸಾರೆ ಬಯಸುತ್ತೇನೆ. ಸಿಲಿಂಡರ್ ಇರುವವರಿಗೂ ಚಂದ ಕಾಣುವ ಆಸೆ ಇರುತ್ತದೆ.

ಈಗ ಉಸಿರಿನ ವಿಷಯ. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ; ಅದು ಆಮ್ಲಜನಕವನ್ನು ಹೆಚ್ಚಾಗಿ ಗಾಳಿಯಿಂದಲೇ ಪಡೆಯುತ್ತದೆ. ಮೇಲೆ ಲೆನ್ಸ್ ಕೂತರೆ ಆ ದಾರಿಗೆ ತಡೆ. ಲೆನ್ಸ್ ಎಷ್ಟು ಆಮ್ಲಜನಕ ಬಿಡುತ್ತದೆಂಬುದನ್ನು ಡಿಕೆ/ಟಿ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಹಗಲಿಡೀ ಹಾಕುವ ಲೆನ್ಸಿಗೆ ಇದು ಸುಮಾರು 24 ಆದರೂ ಇರಬೇಕೆಂದು 1984ರಲ್ಲಿ ಬ್ರಿಯನ್ ಹೋಲ್ಡನ್ ಮತ್ತು ಜಾರ್ಜ್ ಮರ್ಟ್ಸ್ ತೋರಿಸಿದರು. ಫ್ರೆಶ್‌ಲುಕ್ ಕಲರ್‌ಬ್ಲೆಂಡ್ಸ್‌ನದು 20, ಫ್ರೆಶ್‌ಲುಕ್ ಒನ್ ಡೇಯದು 26, ಏರ್ ಆಪ್ಟಿಕ್ಸ್ ಕಲರ್ಸ್‌ನದು 138. ಅಂತರ ಇಷ್ಟು ದೊಡ್ಡದಾಗಿರುವುದಕ್ಕೆ ಕಾರಣ ಅದನ್ನು ಮಾಡಿರುವ ಸಿಲಿಕೋನ್ ಹೈಡ್ರೋಜೆಲ್ ಎಂಬ ವಸ್ತು. ನೀರಿನಂಶ ಹೆಚ್ಚಿದ್ದರೆ ಕಣ್ಣಿಗೆ ತಂಪು ಎಂದು ಹಲವರು ನಂಬಿದ್ದಾರೆ. ಏರ್ ಆಪ್ಟಿಕ್ಸ್‌ನಲ್ಲಿ ನೀರು 33 ಪ್ರತಿಶತ ಮಾತ್ರ, ಕಲರ್‌ಬ್ಲೆಂಡ್ಸ್‌ನಲ್ಲಿ 55. ಆಮ್ಲಜನಕ ಹೆಚ್ಚು ಹಾಯುವುದು ಕಡಿಮೆ ನೀರಿನದರಲ್ಲಿ, ಏಕೆಂದರೆ ಅಲ್ಲಿ ದಾರಿ ಕೊಡುವುದು ಸಿಲಿಕೋನ್.

ಸಮೀಪದೃಷ್ಟಿಯವರು ಇಲ್ಲಿ ಇನ್ನೊಂದು ಹೆಜ್ಜೆ ಮುಂದೆ ಯೋಚಿಸಬೇಕು. ಕಂಪನಿಗಳು ಕೊಡುವ ಈ ಅಂಕಿ ಮೈನಸ್ 3.00 ಲೆನ್ಸಿನ ನಡುಭಾಗದ್ದು. ಮೈನಸ್ ಹೆಚ್ಚಾದಂತೆ ಲೆನ್ಸ್ ನಡುವೆ ತೆಳುವಾಗಿಯೇ ಇದ್ದರೂ ಅಂಚಿನ ಕಡೆ ದಪ್ಪವಾಗುತ್ತದೆ, ಅಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಸೊನ್ನೆ ಪವರ್‌ನ ಗೆಳತಿಗೆ ದಿನವಿಡೀ ಹಿತವಾಗಿರುವ ಲೆನ್ಸ್ ಮೈನಸ್ ಆರರ ಕಣ್ಣಿಗೆ ಹಾಗೆಯೇ ಇರಬೇಕೆಂದಿಲ್ಲ. ನಾನು ಹೆಚ್ಚು ಹಣ ಕೊಟ್ಟು ಏರ್ ಆಪ್ಟಿಕ್ಸ್ ಕೊಳ್ಳುವುದಕ್ಕೆ ಇದೊಂದೇ ಕಾರಣ. ಬಣ್ಣದ ಚಿತ್ತಾರದಲ್ಲಿ ಏರ್ ಆಪ್ಟಿಕ್ಸ್, ಫ್ರೆಶ್‌ಲುಕ್ ಎರಡೂ ಒಂದೇ ಮನೆತನದವು: ಹೊರಗೆ ಗಾಢ ಉಂಗುರ, ನಡುವೆ ಮುಖ್ಯ ಬಣ್ಣ, ಪಾಪೆಯ ಹತ್ತಿರ ಒಳ ಉಂಗುರ. ಬಣ್ಣ ಲೆನ್ಸಿನ ಪದರಗಳ ಒಳಗೆ ಇದೆಯೇ ಎಂಬುದೂ ಗಮನಿಸಬೇಕಾದದ್ದು. ಹೆಸರಿಲ್ಲದ ಅಗ್ಗದ ಲೆನ್ಸ್‌ಗಳಲ್ಲಿ ಬಣ್ಣ ಮೇಲ್ಮೈಯಲ್ಲೇ ಇರಬಹುದು; ಅದು ಒರಟಾಗಿ ಉಜ್ಜುತ್ತದೆ, ಸೂಕ್ಷ್ಮಜೀವಿಗಳಿಗೂ ಹಿಡಿತ ಕೊಡುತ್ತದೆ.

ಬಣ್ಣಗಳ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ. ನಮ್ಮ ಗಾಢ ಕಂದು ಕಣ್ಣಿಗೆ, ನಮ್ಮ ಮೈಬಣ್ಣಕ್ಕೆ ಪ್ಯೂರ್ ಹೇಜಲ್ ಮತ್ತು ಹನಿ ಅತ್ಯಂತ ಸಹಜವಾಗಿ ಹೊಂದುತ್ತವೆ. ಒಳ ಉಂಗುರದ ಕಂದು ಛಾಯೆ ನಮ್ಮ ಸ್ವಂತ ಕಣ್ಣಿನ ಬಣ್ಣದೊಳಗೆ ಬೆರೆತುಹೋಗುತ್ತದೆ, ಗಡಿ ಕಾಣುವುದಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಯಾರೂ ದಿಟ್ಟಿಸಿ ನೋಡುವುದಿಲ್ಲ. ಗೆಳತಿಯರು ಮಾತ್ರ "ಇವತ್ತು ಮುಖದಲ್ಲಿ ಏನೋ ಕಳೆ ಇದೆ" ಎನ್ನುತ್ತಾರೆ. ಬೂದು ಬಣ್ಣ ಬಿಸಿಲಿನಲ್ಲಿ ತೀರ ತಣ್ಣಗೆ ಕಾಣುತ್ತದೆ, ಆದರೆ ರಂಗದ ಮೇಲೆ ಅದರ ಗತ್ತೇ ಬೇರೆ. ಹೇಜಲ್ ಮೂರನೆಯ ಸಾಲಿಗೂ ತಲುಪುವುದಿಲ್ಲ. ಬೂದು ಕಣ್ಣಿನ ನೋಟ ಕಿರುರಂಗಮಂದಿರದ ಹಿಂದಿನ ಸಾಲಿನವರನ್ನೂ ಮುಟ್ಟುತ್ತದೆ. ನೀಲಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ಒಂದು ಎಚ್ಚರ: ಬಣ್ಣವನ್ನು ಸ್ವಲ್ಪ ಗಾಢಗೊಳಿಸುವ ಪಾರದರ್ಶಕ ಛಾಯೆಯ ಲೆನ್ಸ್‌ಗಳು ತಿಳಿಗಣ್ಣಿನವರಿಗಾಗಿ ಮಾಡಿದವು. ನಮ್ಮ ಕಣ್ಣಿನ ಮೇಲೆ ಅವು ಕಾಣುವುದೇ ಇಲ್ಲ.

ಬಣ್ಣದ ಲೆನ್ಸ್ ಹಾಕಿದವರು ರಾತ್ರಿಯ ಬಗ್ಗೆ ತಿಳಿದಿರಲೇಬೇಕು. ಲೆನ್ಸಿನ ನಡುವೆ ಪಾಪೆಗೆಂದು ಬಣ್ಣವಿಲ್ಲದ ಕಿಂಡಿ ಇರುತ್ತದೆ. ಹಗಲಿನಲ್ಲಿ ಪಾಪೆ ಕಿರಿದಾಗಿರುವುದರಿಂದ ತೊಂದರೆಯಿಲ್ಲ. ಕತ್ತಲಿನಲ್ಲಿ ಅದು ಅರಳಿ ಕಿಂಡಿಗಿಂತ ದೊಡ್ಡದಾದರೆ ಚಿತ್ತಾರದ ಅಂಚು ನೋಟದೊಳಗೆ ಬರುತ್ತದೆ. ದಸರಾ ದೀಪಾಲಂಕಾರದಲ್ಲಿ ಸಯ್ಯಾಜಿರಾವ್ ರಸ್ತೆಯುದ್ದಕ್ಕೂ ನನಗೆ ಪ್ರತಿ ಬಲ್ಬಿನ ಸುತ್ತ ಒಂದು ಮಸುಕು ಬಳೆ ಕಂಡಿತ್ತು. ನಡೆದು ಹೋಗುವವಳಿಗೆ ಅದು ತೊಂದರೆಯಲ್ಲ. ಎದುರು ವಾಹನದ ದೀಪ ಕಣ್ಣಿಗೆ ಬೀಳುವ ರಿಂಗ್ ರಸ್ತೆಯಲ್ಲಿ ಈ ಲೆನ್ಸ್ ಹಾಕಿಕೊಂಡು ನಾನು ವಾಹನ ಓಡಿಸುವುದಿಲ್ಲ. ನಾಟಕದಲ್ಲೂ ಅಷ್ಟೆ: ದೀಪ ಆರಿದ ಕೂಡಲೇ ಮೆಟ್ಟಿಲು ಇಳಿಯಬೇಕಾದ ದೃಶ್ಯವಿದ್ದರೆ ಬಣ್ಣವಿಲ್ಲದ ಲೆನ್ಸ್ ಹಾಕಿಕೊಳ್ಳುತ್ತೇನೆ, ನಿರ್ದೇಶಕರಿಗೆ ಕಣ್ಣಿನ ಬಣ್ಣ ಎಷ್ಟೇ ಇಷ್ಟವಾಗಿರಲಿ.

ನಲವತ್ತರ ಆಸುಪಾಸಿನವರಿಗೆ ಇನ್ನೊಂದು ಮಾತು. ಮೈನಸ್ ಕನ್ನಡಕ ಹತ್ತಿರದ ಓದಿಗೆ ಸ್ವಲ್ಪ ಸಹಾಯ ಮಾಡುತ್ತಿರುತ್ತದೆ. ಲೆನ್ಸಿನಲ್ಲಿ ಆ ಸಹಾಯ ಇಲ್ಲ. ಕನ್ನಡಕದಲ್ಲಿ ಸಲೀಸಾಗಿ ಓದುತ್ತಿದ್ದ ಪುಟ್ಟ ಅಕ್ಷರಗಳನ್ನು ಲೆನ್ಸ್ ಹಾಕಿದಾಗ ನಾನು ದೂರ ಹಿಡಿದು ಓದುತ್ತೇನೆ. ಇದು ಲೆನ್ಸಿನ ದೋಷವಲ್ಲ.

ನಮ್ಮ ಕಡೆಯ ಮದುವೆಗಳಲ್ಲಿ ನನ್ನನ್ನು ನಿಜವಾಗಿ ಕೆರಳಿಸುವ ಒಂದು ಪದ್ಧತಿ ಬೆಳೆಯುತ್ತಿದೆ. ಸಂಬಂಧಿಕರ ಮದುವೆಯೊಂದರಲ್ಲಿ ಅಲಂಕಾರ ಮಾಡಲು ಬಂದವರು ತಮ್ಮ ಪೆಟ್ಟಿಗೆಯಿಂದ ಸೊನ್ನೆ ಪವರ್‌ನ ಲೆನ್ಸ್ ತೆಗೆದರು. ಹಿಂದಿನ ವಧುವಿಗೆ ಹಾಕಿದ್ದವೇ ಅವು, "ತೊಳೆದಿಟ್ಟಿದ್ದೇನೆ" ಎಂದರು. ಮದುಮಗಳಿಗೆ ಮೈನಸ್ ಮೂರು. ಇನ್ನೊಬ್ಬರ ಲೆನ್ಸ್ ಹಾಕಿಕೊಂಡರೆ ಅವರ ಕಣ್ಣಿನ ಸೋಂಕು ನಮಗೆ ಬರಬಹುದು, ಮೇಲಾಗಿ ತಾಳಿ ಕಟ್ಟುವವನ ಮುಖವೇ ಅವಳಿಗೆ ಕಾಣುತ್ತಿರಲಿಲ್ಲ. ನಾನು ಅಡ್ಡ ನಿಂತು ತಡೆದೆ. ತಾಯಂದಿರೇ, ದಯವಿಟ್ಟು ನೀವೂ ತಡೆಯಿರಿ. ಮಗಳಿಗೆ ಅವಳ ಪವರ್‌ನ, ಒಂದು ದಿನ ಹಾಕಿ ಎಸೆಯುವ ಲೆನ್ಸ್ ಕೊಡಿಸಿ. ಮೊದಲು ಲೆನ್ಸ್, ಆಮೇಲೆ ಅಲಂಕಾರ. ರಾತ್ರಿ ಮೊದಲು ಲೆನ್ಸ್ ತೆಗೆದು ಆಮೇಲೆ ಮುಖ ತೊಳೆಯಲಿ. ಕಾಡಿಗೆ ರೆಪ್ಪೆಯ ಒಳಅಂಚಿಗೆ ಬೇಡ.

ಸ್ವಚ್ಛತೆಯಲ್ಲಿ ನಲ್ಲಿ ನೀರನ್ನು ಲೆನ್ಸಿನ ಹತ್ತಿರ ಸುಳಿಯಗೊಡಬೇಡಿ, ಕುದಿಸಿ ಆರಿಸಿದ ನೀರನ್ನೂ. ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ನೀರಿನಲ್ಲೇ ಬದುಕುತ್ತದೆ, ಅದು ಕಾರ್ನಿಯಾವನ್ನು ಹೊಕ್ಕರೆ ಚಿಕಿತ್ಸೆ ತಿಂಗಳುಗಟ್ಟಲೆ. ಸ್ನಾನಕ್ಕೆ, ಈಜಿಗೆ, ನಿದ್ದೆಗೆ ಲೆನ್ಸ್ ತೆಗೆಯಿರಿ. ಲೆನ್ಸ್ ತೊಳೆಯುವ ದ್ರವವಾದ ಸಲ್ಯೂಷನ್‌ನಲ್ಲಿ ಅಂಗೈ ಮೇಲೆ ಉಜ್ಜಿ ತೊಳೆಯಿರಿ, ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ, ಲೆನ್ಸ್ ಇಡುವ ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ. ಕಣ್ಣು ಕೆಂಪಾದರೆ, ಬೆಳಕು ಚುಚ್ಚಿದರೆ ಲೆನ್ಸ್ ತೆಗೆದು ಅಂದೇ ವೈದ್ಯರಿಗೆ ತೋರಿಸಿ. ತಿಂಗಳ ಲೆನ್ಸ್ ಎಂದರೆ ತೆರೆದ ದಿನದಿಂದ ಮೂವತ್ತು ದಿನ, ಮೂವತ್ತು ಸಲ ಹಾಕಿಕೊಳ್ಳುವುದಲ್ಲ. ವರ್ಷದಲ್ಲಿ ಎರಡು ಮೂರು ಸಮಾರಂಭಕ್ಕೆ ಹಾಕುವವರಿಗೆ ಒಂದು ದಿನ ಹಾಕಿ ಎಸೆಯುವುದೇ ಲಾಭ.

ಖರ್ಚಿನ ಲೆಕ್ಕದಲ್ಲಿ ನೆನಪಿಡಿ: ಎರಡು ತಿಂಗಳ-ಲೆನ್ಸ್ ಇರುವ ಒಂದು ಡಬ್ಬಿಯಲ್ಲಿ ಎರಡೂ ಒಂದೇ ಪವರ್‌ನವು. ಎರಡು ಕಣ್ಣಿನ ಪವರ್ ಬೇರೆ ಇದ್ದರೆ ಎರಡು ಡಬ್ಬಿ ಕೊಳ್ಳಬೇಕು, ಅವು ಎರಡು ತಿಂಗಳಿಗೆ ಆಗುತ್ತವೆ. ಸೊನ್ನೆ ಪವರ್‌ನವು ಅಂಗಡಿಯ ಕಪಾಟಿನಲ್ಲೇ ಇರುತ್ತವೆ. ಮೈನಸ್ ಐದಾರರ ಬಣ್ಣದ ಲೆನ್ಸ್‌ಗಳನ್ನು ಹೆಚ್ಚಾಗಿ ಹೇಳಿ ತರಿಸಬೇಕಾಗುತ್ತದೆ. ಮದುವೆಗೋ ನಾಟಕಕ್ಕೋ ಬೇಕಿದ್ದರೆ ಹದಿನೈದು ದಿನ ಮುಂಚೆಯೇ ಹೇಳಿಡಿ, ಡಬ್ಬಿ ಬಂದಾಗ ಎರಡರ ಮೇಲಿನ ಪವರ್, ಬೇಸ್ ಕರ್ವ್, ಅವಧಿ ಮುಗಿಯುವ ದಿನಾಂಕ ಓದಿ ನೋಡಿ, ಮತ್ತು ಲೆನ್ಸ್ ಹಾಕಿದ ದಿನವೂ ಕನ್ನಡಕವನ್ನು ಚೀಲದಲ್ಲಿ ಇಟ್ಟುಕೊಂಡೇ ಹೊರಡಿ.